ಮೊಟ್ಟೆಯಾಕಾರದ ದಾರಿ ಮತ್ತು ನಮ್ಮ ಸೋದರಮಾವ

ನಮ್ಮ ಸೋದರಮಾವನಿಗೆ ಸ್ವಂತ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಗೊತ್ತಿಲ್ಲ. ಆಕಾಶದ ಕಪ್ಪುಕುಳಿಗಳ ಸಂಸಾರ ಮಾತ್ರ ಪೂರ್ತಿ ಗೊತ್ತು. ಚಿತ್ತಾಪುರದಲ್ಲಿ ವಿಜ್ಞಾನದ ಮಾಸ್ತರಾಗಿದ್ದು ನಿವೃತ್ತರಾದರಲ್ಲ, ಕ್ಲಾಸು ಹೋಗಿ ಊರೇ ಕೈಗೆ ಸಿಕ್ಕಿತು.

ಯಾರ ಮನೆಗೆ ಹೋದರೂ ಕಿಸೆಯಿಂದ ಸೀಮೆಸುಣ್ಣ ತೆಗೆದು ಫರ್ಸಿಕಲ್ಲಿನ ನೆಲದ ಮೇಲೆ ಎರಡು ಚಿತ್ರ ಬರೆಯುತ್ತಾರೆ: ಒಂದು ದುಂಡಗೆ, ಇನ್ನೊಂದು ಮೊಟ್ಟೆಯ ಹಾಗೆ ಉದ್ದಕ್ಕೆ. ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತ ಕೊನೆಗೆ ಕೂಡಿಬಿಡುತ್ತವೆ. ಜೋಡಿ ನಕ್ಷತ್ರಗಳಾಗಿ ಒಟ್ಟಿಗೇ ಹುಟ್ಟಿ ಬೆಳೆದವುಗಳ ದಾರಿ ಅಷ್ಟೊತ್ತಿಗೆ ದುಂಡಗಾಗಿರುತ್ತದೆ. ನಕ್ಷತ್ರಗಳು ಕಿಕ್ಕಿರಿದ ಗರ್ದಿಯಲ್ಲಿ ಒಮ್ಮೆಲೇ ಸಿಕ್ಕಿಕೊಂಡವುಗಳ ದಾರಿ ಕೆಲವು ಸಲ ಕೊನೆತನಕ ಉದ್ದವಾಗಿಯೇ ಉಳಿಯುತ್ತದೆ. ಆಕಾರ ನೋಡಿದರೆ ಜೋಡಿ ಹೇಗಾಯಿತೆಂದು ಹೇಳಬಹುದಂತೆ. ಇಷ್ಟು ಹೇಳುವಷ್ಟರಲ್ಲಿ ಆ ಮನೆಯವರು ಒದ್ದೆ ಬಟ್ಟೆ ತಂದು ಬ್ರಹ್ಮಾಂಡವನ್ನು ಒರೆಸಿರುತ್ತಾರೆ.

ವಾಡಿ ಸ್ಟೇಷನ್ನಿನಲ್ಲಿ ಚಹಾದವನಿಗೆ ಇದನ್ನೇ ವಿವರಿಸುತ್ತ ಎರಡು ರೈಲು ತಪ್ಪಿಸಿಕೊಂಡರು. ಮೂರನೆಯದಕ್ಕೆ ಅವನೇ ತೋಳು ಹಿಡಿದು ಹತ್ತಿಸಿದ. ಅದು ಬೇರೆ ಊರಿನ ರೈಲು!

ಈ ಮಾವನ ಮಗಳನ್ನು ನನಗೇ ತರುವುದೆಂದು, ನಾವಿಬ್ಬರೂ ಚಡ್ಡಿ-ಫ್ರಾಕಿನಲ್ಲಿದ್ದಾಗಲೇ ಹಿರಿಯರು ಮಾತಾಡಿಕೊಂಡಿದ್ದರು. ನಾನೋ, ಶಹಾಬಾದಿನ ಬಸ್ಸಿನ ಗರ್ದಿಯಲ್ಲಿ ಪರಿಚಯವಾದ ಚಿಂಚೋಳಿಯ ನರ್ಸ್ ಒಬ್ಬಳನ್ನು ಮೆಚ್ಚಿ ಕುಳಿತಿದ್ದೆ. ಸುದ್ದಿ ಹೊರಬಿದ್ದ ದಿನ ಸೇಡಂನ ನಮ್ಮ ಮನೆಯಲ್ಲಿ ಅಪ್ಪ ಊಟ ಬಿಟ್ಟರು, ಅವ್ವ ಮಾತು ಬಿಟ್ಟಳು. ತಮ್ಮನಿಗೆ ಯಾವ ಮುಖ ತೋರಿಸಲಿ ಎಂಬುದು ಅವಳ ಸಂಕಟ.

ಮರುದಿನ ಬೆಳಿಗ್ಗೆ ಆ ತಮ್ಮನೇ ಬಂದರು. ಚಹಾ ಕೂಡ ಕುಡಿಯದೆ ನೆಲದ ಮೇಲೆ ಎರಡೂ ಚಿತ್ರ ಬರೆದರು. ಇದರಲ್ಲಿ ಯಾವುದು ಚಲೋ ಎಂದು ಅಪ್ಪ ಸಿಟ್ಟಿನಿಂದಲೇ ಕೇಳಿದರು.

"ಚಲೋ, ಕೆಟ್ಟ ಅಂತ ಏನಿಲ್ರಿ ಭಾವ. ಹ್ಯಾಂಗ ಭೇಟಿ ಆದ್ವು ಅಂತ ಅಷ್ಟೇ ತಿಳೀತದ. ಕೂಡೋದು ಎರಡೂ ಕೂಡತಾವ."

ಮಗಳನ್ನು ಕೇಳಿಯೇ ಬಂದಿದ್ದೇನೆ, ಅವಳಿಗೂ ಇವನು ಅಣ್ಣನ ಹಾಗೇ ಕಾಣುತ್ತಾನಂತೆ ಎಂದರು. ಅಪ್ಪ ಎದ್ದು, ಎರಡೂ ಚಿತ್ರ ತುಳಿಯದ ಹಾಗೆ ದಾಟಿದರು. ಆಮೇಲೆ ಅವ್ವನಿಗೆ ರೊಟ್ಟಿ ಬಡಿಯಲು ಹೇಳಿದರು.

ಬಸ್‌ಸ್ಟ್ಯಾಂಡಿನಲ್ಲಿ ನಾನು ತಪ್ಪಾಯಿತೆಂದೆ. ಮಾವ ಕನ್ನಡಕ ಒರೆಸುತ್ತಲೇ ಇದ್ದರು.

"ನಿನಗ ಅಳಿಯಾ ಅಂತ ಕರೀಬೇಕು ಅಂತ ಭಾಳ ಆಸಿ ಇತ್ತೋ."

ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಅಕ್ಕನ ಮಗ ಅಂದ್ರೂ ಅಳಿಯನೇ ಅಲ್ಲೇನು? ಬರ್ತೀನಿ, ಅಳಿಯಾ."