ಇಟಲಿಗೆ ಒಂದೇ ಸೀಟು

"ಸುಡ್ಲಿ ನಿಮ್ಮ ಇಟಲಿ! ಹಾಲು ಉಕ್ಕಿ ಒಲಿ ಪಾಲಾತು, ಕಣ್ಣು ಪುಸ್ತಕದಾಗ ಇಟಗೊಂಡು ಕುಂತೀರಿ!" ಅಯ್ಯಮ್ಮ ಇಕ್ಕಳವನ್ನು ನೆಲಕ್ಕೆ ಬಡಿದಳು.

"ಬಾಯಿ ಮುಚ್ಚ! ಇವತ್ತ ಪರೀಕ್ಷಾ ಅದ. ಪಾಸಾದ್ರ ಮೂರು ತಿಂಗಳು ಇಟಲಿ. ನಿನಗ ಹಾಲಿನ ಚಿಂತಿ!" ಪೀರಪ್ಪ ಗುಡುಗಿದ.

ಬೆಂಗಳೂರಿನ ಬೈಯಪ್ಪನಹಳ್ಳಿಯ ಆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಆರು ತಿಂಗಳಿಂದ ಗಂಡ ಹೆಂಡತಿಯ ನಡುವೆ ಇದೇ ಜಗಳ. ಕಲಬುರಗಿ ಕಡೆಯಿಂದ ಬಂದ ಪೀರಪ್ಪ ಪುಲಿಕೇಶಿನಗರದ ಒಂದು ಬೂಟಿನ ಕಾರ್ಖಾನೆಯಲ್ಲಿ ಹೊಲಿಗೆಯವನು. ಇಟಲಿಯಿಂದ ಹೊಸ ಮೆಶೀನು ಬರುತ್ತದೆ, ಕಲಿತು ಬರಲು ಒಬ್ಬನನ್ನು ಅಲ್ಲಿಗೇ ಕಳಿಸುತ್ತೇನೆ ಎಂದು ಮಾಲೀಕ ಅಬ್ದುಲ್ ಸಾಹೇಬರು ಹೇಳಿದ ದಿನವೇ ಅವನು ಫುಟ್‌ಪಾತಿನಲ್ಲಿ ಇಟಾಲಿಯನ್ ವ್ಯಾಕರಣದ ಪುಸ್ತಕ ಕೊಂಡಿದ್ದ. ಆ ಭಾಷೆಯಲ್ಲಿ ಸಾಮಾನುಗಳಿಗೂ ಗಂಡು ಹೆಣ್ಣು ಉಂಟು. ಕುರ್ಚಿ ಹೆಣ್ಣು, ಮೇಜು ಗಂಡು. ಪೂಜೆಗೆ ಕೂತವನ ಗಾಂಭೀರ್ಯದಿಂದ ಪೀರಪ್ಪ ಮನೆಯ ಒಂದೊಂದು ಸಾಮಾನಿಗೂ ಲಿಂಗ ಹಚ್ಚಿ ಮುಗಿಸಿದ್ದ.

ಅವತ್ತು ಕಾರ್ಖಾನೆಗೆ ಹೊರಟ ಬಸ್ಸಿನಲ್ಲೂ ಪಾಠ ನಿಲ್ಲಲಿಲ್ಲ. ಎದುರಿಗೆ ಕೂತ ಹೆಂಗಸಿನ ಕೊಡೆಗೆ ಬೆರಳು ಮಾಡಿ "ಗಂಡು" ಎಂದ. ಅವಳ ಬ್ಯಾಗಿಗೆ ಬೆರಳು ಮಾಡಿ "ಹೆಣ್ಣು" ಎಂದ.

"ಕಂಡಕ್ಟರ್! ಬೆಳಬೆಳಗ್ಗೆ ಕುಡ್ಕೊಂಡು ಬಂದವ್ನೆ ನೋಡಿ!" ಆಕೆ ಕೂಗಿದಳು.

"ಇಲ್ರೀ ಅಕ್ಕಾರ, ವ್ಯಾಕರಣ..."

"ವ್ಯಾಕರಣ ಕೆಳಗ್ ಇಳಿದು ಮಾಡ್ಕೋ ಗುರು," ಎಂದು ಕಂಡಕ್ಟರು ಹಲಸೂರಿನಲ್ಲೇ ಅವನನ್ನು ಇಳಿಸಿ ಸೀಟಿ ಊದಿದ.

ನಡೆದು, ಬೆವರಿನಲ್ಲಿ ತೊಯ್ದು ಕಾರ್ಖಾನೆ ಮುಟ್ಟಿದಾಗ ಎಲ್ಲರೂ ಹೊಸ ಮೆಶೀನಿನ ಸುತ್ತ ನಿಂತಿದ್ದರು. ಬಂದು ಮೂರು ವಾರವಾದರೂ ಅದು ಹಠ ಹಿಡಿದ ಎಮ್ಮೆಯಂತೆ ಅಲ್ಲಾಡಿರಲಿಲ್ಲ. ಜೊತೆಗೆ ಬಂದ ಪುಸ್ತಕವೆಲ್ಲ ಇಟಾಲಿಯನ್. ಅದನ್ನು ಓದಿ ಮೆಶೀನು ನಡೆಸುವುದೇ ಪರೀಕ್ಷೆ. ಇನ್ನೊಬ್ಬ ಉಮೇದುವಾರ ಬಸು ಚಿತ್ರಗಳನ್ನಷ್ಟೇ ನೋಡಿ, "ಸೂಜಿ ಚೆನ್ನಾಗೈತೆ ಸಾರ್," ಎಂದು ಪುಸ್ತಕ ವಾಪಸು ಕೊಟ್ಟಿದ್ದ.

"ಗುರು, ಈ ಮೆಶೀನು ಗಂಡೋ ಹೆಣ್ಣೋ?" ಚರ್ಮ ಕತ್ತರಿಸುವ ಮಂಜೂರ್ ಕಿಚಾಯಿಸಿದ.

"ಹೆಣ್ಣು."

"ಅದ್ಕೇ ಬಸು ಮುಖಾನೂ ನೋಡ್ಲಿಲ್ಲ!"

ಪೀರಪ್ಪ ನಗಲಿಲ್ಲ. ಸಾಲಿನ ಮೇಲೆ ಬೆರಳಿಟ್ಟು ಓದಿದ. ಬೆಲ್ಟು ಸರಿಸಿದ, ಎಣ್ಣೆ ಬಿಟ್ಟ, ಗುಂಡಿ ಒತ್ತಿದ. ಮೆಶೀನು ಗುರ್ರೆಂದು ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಬ್ದುಲ್ ಸಾಹೇಬರು ಅವನನ್ನು ತಬ್ಬಿಕೊಂಡರು.

"ಶಾಬಾಶ್! ಏ ಬಸು, ಪಾಸ್‌ಪೋರ್ಟಿಗೆ ಫೋಟೋ ತೆಗೆಸ್ಕೋ. ಇಟಲಿಗೆ ನೀನೇ ಹೋಗೋದು."

ಮುದುಕ ಸಾಹೇಬರಿಗೆ ಹೆಸರು ತಪ್ಪಿತೆಂದು ಪೀರಪ್ಪ ನಕ್ಕ. "ನಾ ಪೀರಪ್ಪ ರೀ, ಸಾಹೇಬ್ರ."

"ಗೊತ್ತಪ್ಪಾ. ನೀನ್ಯಾಕ್ ಹೋಗ್ಬೇಕು? ಪುಸ್ತಕ ಓದಿ ಇಲ್ಲೇ ಕಲ್ತ್ಬಿಟ್ಟೆ. ಈ ಗಧಾಗೆ ಓದಕ್ಕೆ ಬರಲ್ಲ, ಅಲ್ಲಿಗೇ ಹೋಗಿ ಕಣ್ಣಲ್ಲಿ ನೋಡ್ಬೇಕು. ನೀನ್ ಹೋದ್ರೆ ಮೂರು ತಿಂಗಳು ಮೆಶೀನ್ ಓಡ್ಸೋರ್ಯಾರು?"

ಬಸು ಮೆಲ್ಲಗೆ ಹತ್ತಿರ ಬಂದು, "ಅಣ್ಣಾ, ಅಲ್ಲಿ ಅನ್ನ ಸಿಗ್ತದಾ? ನಿನ್ ಪುಸ್ತಕದಲ್ಲಿ ಏನಾದ್ರೂ ಬರ್ದವ್ರಾ?" ಎಂದು ಕೇಳಿದ.

ಪೀರಪ್ಪ ಇಟಾಲಿಯನ್ನಿನಲ್ಲಿ ಒಂದು ಬೈಗುಳಕ್ಕಾಗಿ ತಡಕಾಡಿದ. ಇಪ್ಪತ್ತೆಂಟು ಪಾಠಗಳಲ್ಲಿ ಒಂದೂ ಇರಲಿಲ್ಲ. ಕೊನೆಗೆ ಅಪ್ಪಟ ಕಲಬುರಗಿ ಮಾತಿನಲ್ಲೇ ಬೈದು, ಏಪ್ರನ್ ಬಿಚ್ಚಿ ಮೆಶೀನಿನ ಮೇಲೆ ಎಸೆದು, ಬಾಗಿಲು ದಾಟಿ ನಡೆದ.

"ಊಟದ ಹೊತ್ತಿಗೆ ಬರ್ತಾನೆ ಬಿಡು," ಎಂದರು ಸಾಹೇಬರು.

"ಚಾ ಹೊತ್ತಿಗೆ ಬರ್ತಾನೆ," ಎಂದ ಮಂಜೂರ್.

ಪೀರಪ್ಪ ಬರಲೇ ಇಲ್ಲ.