ಕಾಪುವಿನ ಟರ್ಬೋ ಕಾರಿಗೆ ಸೊಲೆನಾಯ್ಡ್ ಕೂರಿಸಿದ್ದು

ಆದಿ ಉಡುಪಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟುಕೊಂಡವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಯಾರ ಕೈಯಲ್ಲಾದರೂ ತಳ್ಳಿಸಿಕೊಂಡು ಬಾಗಿಲಿಗೆ ಬರುತ್ತವೆ. ಬ್ಯಾಟರಿ ಚಾರ್ಜ್ ಮಾಡುವುದು, ಡೈನಮೋ ಬಿಚ್ಚುವುದು, ಕೂಗದ ಹಾರ್ನನ್ನು ಕೂಗಿಸುವುದು, ಇಷ್ಟೇ ನನ್ನ ವಿದ್ಯೆ. ಪಕ್ಕದ ಗ್ಯಾರೇಜು ನನಗಿಂತ ಹದಿನೈದು ವರ್ಷ ದೊಡ್ಡವರಾದ ಮೆಕ್ಯಾನಿಕ್ ಒಬ್ಬರದ್ದು. ಇಗರ್ಜಿಗೆ ತಪ್ಪದೆ ಹೋಗುವ ಕೊಂಕಣಿಯವರು. ನಾವೆಲ್ಲ ಅವರನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದದ್ದು. ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ನಮ್ಮಿಬ್ಬರ ಪಾಲಿಗೆ ಒಂದು ಕಾರು ಬಂತು. ಅದೊಂದೇ ಕಾರಿನಿಂದ ಎಷ್ಟು ಪ್ರಸಂಗಗಳಾದವು ಎಂದರೆ, ಬೇರೆ ಗಿರಾಕಿಗಳು ಬೇಸರ ಮಾಡಿಕೊಳ್ಳಬಾರದು, ಅವರದ್ದೆಲ್ಲ ನನಗೀಗ ಮರೆತೇ ಹೋಗಿದೆ.

೧. ಯಾರ ಕೆಲಸ

ಕಾರು ಕಾಪುವಿನ ಒಬ್ಬರದ್ದು. ಹನ್ನೆರಡು ವರ್ಷ ದುಬೈಯಲ್ಲಿ ದುಡಿದು, ಅಲ್ಲಿಂದ ಹಡಗಿನಲ್ಲಿ ತರಿಸಿದ ಜಪಾನಿ ಕಾರು. ಬಾನೆಟ್ ತೆರೆದು ಇಬ್ಬರೂ ಒಳಗೆ ಬಗ್ಗಿ ನೋಡಿದೆವು. ಅಂಬಾಸಿಡರ್‌ನ ಬಾನೆಟ್ ಒಳಗೆ ಬಿದ್ದ ಸ್ಪ್ಯಾನರ್ ನೆಲಕ್ಕೆ ಬಂದು ಸೇರುತ್ತದೆ. ಇದರಲ್ಲಿ ಬಿದ್ದರೆ ಅಲ್ಲೇ ಎಲ್ಲೋ ಸಂಸಾರ ಹೂಡುವಷ್ಟು ಇಕ್ಕಟ್ಟು.

ದುಬೈಯವರು ಸಮಾಧಾನದಿಂದ ವಿವರಿಸಿದರು. ಇದು ಟರ್ಬೋ. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆ ಒಂದು ಫ್ಯಾನನ್ನು ತಿರುಗಿಸುತ್ತದೆ, ಆ ಫ್ಯಾನು ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ.

"ಹೋಗುವ ಹೊಗೆಗೂ ಕೆಲಸ ಕೊಟ್ಟಿದ್ದಾರೆ. ಜಪಾನಿನವರು ಯಾರನ್ನೂ ಸುಮ್ಮನೆ ಬಿಡುವುದಿಲ್ಲ," ಎಂದರು ಪೊರ್ಬುಗಳು.

ಗಾಳಿ ಮಿತಿ ಮೀರಬಾರದು ಎಂದು ಕಂಪೆನಿಯವರೇ ಒಂದು ಬಾಗಿಲು ಇಟ್ಟಿರುತ್ತಾರೆ. ಒತ್ತಡ ಹೆಚ್ಚಾದ ಸುದ್ದಿ ಒಂದು ಸಣ್ಣ ಪೈಪಿನಲ್ಲಿ ಹೋಗಿ ಮುಟ್ಟಿದರೆ ಆ ಬಾಗಿಲು ತೆರೆದುಕೊಂಡು ಫ್ಯಾನಿನ ವೇಗ ಇಳಿಯುತ್ತದೆ. ದುಬೈಯವರು ಈಗ ಚೀಲದಿಂದ ತೆಗೆದದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಸೊಲೆನಾಯ್ಡ್, ಎಂದರೆ ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವು, ಜೊತೆಗೆ ಒಂದು ತಿರುಗುಣಿ ಇದ್ದ ಕರಿ ಪೆಟ್ಟಿಗೆ. ಇದನ್ನು ಆ ಪೈಪಿನ ನಡುವೆ ಕೂರಿಸಿದರೆ ಸುದ್ದಿ ಸ್ವಲ್ಪ ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ಇನ್ನಷ್ಟು ಗಾಳಿ, ಇನ್ನಷ್ಟು ಶಕ್ತಿ. ಹೆಚ್ಚುಕಡಿಮೆಯಾದರೆ ಮಾತ್ರ ಪಿಸ್ಟನ್ ಕರಗಬಹುದು, ಅದರ ಬಿಡಿಭಾಗ ಬೊಂಬಾಯಿಯಲ್ಲೂ ಸಿಗುವುದಿಲ್ಲ ಎಂದರು. ರಜೆಯಲ್ಲಿ ಉಳಿದಿರುವುದು ಹನ್ನೊಂದು ದಿನ ಎಂದೂ ಹೇಳಿದರು.

ಇದಕ್ಕೆ ಎರಡು ಪೈಪು ಉಂಟು, ಆದ್ದರಿಂದ ಪೊರ್ಬುಗಳ ಕೆಲಸ ಎಂದೆ ನಾನು. ಎರಡು ವಯರು ಉಂಟು, ಆದ್ದರಿಂದ ನಿನ್ನ ಕೆಲಸ ಎಂದರು ಅವರು. ಕೆಲಸ ತನಗೇ ಬೇಕೆಂದು ನಾವು ಜಗಳ ಮಾಡಿದ್ದು ಎಷ್ಟೋ ಸಲ. ಬೇಡವೆಂದು ಮಾಡಿದ್ದು ಅದೊಂದೇ ಸಲ. ಕೊನೆಗೆ ಪೊರ್ಬುಗಳೇ ತೀರ್ಮಾನ ಕೊಟ್ಟರು:

"ವಯರು ನಿನ್ನದು. ಪೈಪು ನನ್ನದು. ಪಿಸ್ಟನ್ ಅವರದ್ದು."

೨. ಮಣಿಪಾಲದ ಓದು

ಪೆಟ್ಟಿಗೆಯೊಳಗೆ ಕೂರಿಸುವ ಕ್ರಮ ಬರೆದ ಕಾಗದ ಇತ್ತು. ಎಲ್ಲವೂ ಜಪಾನಿ ಭಾಷೆ. ನಡುವೆ ಒಂದು ಚಿತ್ರ. ಚಿತ್ರದಲ್ಲಿ ಬಾಣದ ಗುರುತುಗಳೇನೋ ಇದ್ದವು, ಆದರೆ ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲಿತ್ತು. ದಪ್ಪ ಅಕ್ಷರ ಕಂಡರೆ ಯಾರಿಗಾದರೂ ಭಯವೇ.

ಮಣಿಪಾಲದಲ್ಲಿ ಡಾಕ್ಟರಿಕೆ ಓದುತ್ತಿದ್ದ ಮಲೇಷ್ಯಾದ ಒಬ್ಬ ವಿದ್ಯಾರ್ಥಿ ತನ್ನ ಬೈಕಿನ ಬ್ಯಾಟರಿಯನ್ನು ನನ್ನಲ್ಲೇ ಚಾರ್ಜಿಗೆ ಕೊಡುತ್ತಿದ್ದ. ಆ ಕಡೆಯವನಲ್ಲವಾ, ಓದಿಯಾನು ಎಂದು ಅವನ ನೆನಪಾಗಿ ಮೂವರೂ ಅದೇ ಕಾರಿನಲ್ಲಿ ಹೊರಟೆವು. ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಅವನು ಕಾಗದವನ್ನು ಬಹಳ ಹೊತ್ತು ನೋಡಿದ. ತಾನು ಮಲೇಷ್ಯಾದಲ್ಲಿ ನೆಲೆಸಿದ ಚೀನಿಯವರ ಪೈಕಿ, ಜಪಾನಿ ತನಗೆ ಬರುವುದಿಲ್ಲ ಎಂದ. ಆದರೂ ಅದರಲ್ಲಿ ನಡುನಡುವೆ ತಮ್ಮ ಅಕ್ಷರಗಳೇ ಬರುತ್ತವೆ, ಅವುಗಳ ಅರ್ಥವನ್ನು ಹೇಳಬಲ್ಲೆ, ನಡುವೆ ಇರುವುದನ್ನು ನೀವೇ ತುಂಬಿಸಿಕೊಳ್ಳಬೇಕು ಎಂದ. ಸರಿ ಎಂದೆವು. ಬೆರಳಿಟ್ಟು ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳಿದ. ನಾನು ಪೊರ್ಬುಗಳಿಗೆ ಕನ್ನಡದಲ್ಲಿ ದಾಟಿಸಿದೆ:

"ಇದು ವಾಯು. ಇದು ಹೆಚ್ಚಾಗುವುದು. ಇದು ಅಪಾಯ."

ಪೊರ್ಬುಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇದನ್ನು ಕೇಳಲು ಇಷ್ಟು ದೂರ ಬರಬೇಕಿತ್ತಾ ಮಾರಾಯ? ಇಲ್ಲಿನ ದೊಡ್ಡ ಡಾಕ್ಟ್ರು ನನಗೆ ಹೋದ ತಿಂಗಳೇ ಹೇಳಿದ್ದಾರೆ," ಎಂದರು.

೩. ರೋಗಿ ಯಾರು

ಸೊಲೆನಾಯ್ಡ್ ಎಲ್ಲಿ ಕೂರಬೇಕೆಂದು ಗೊತ್ತುಮಾಡುವ ಮೊದಲೇ ಪೊರ್ಬುಗಳು ಅದರ ಜೊತೆ ಬಂದಿದ್ದ ರಬ್ಬರ್ ಪೈಪನ್ನು ಅಳೆದು ಕತ್ತರಿಸಿಬಿಟ್ಟರು. ಕೂರಿಸಿದ ಮೇಲೆ ನೋಡಿದರೆ ಒಂದು ಗೇಣು ಕಡಿಮೆ. ಅಷ್ಟು ಸಪೂರದ ಪೈಪು ಉಡುಪಿಯ ಯಾವ ಅಂಗಡಿಯಲ್ಲೂ ಇಲ್ಲ. ಆಗ ಅವರಿಗೇ ಹೊಳೆದದ್ದು, ಆಸ್ಪತ್ರೆಯಲ್ಲಿ ಗ್ಲೂಕೋಸು ಏರಿಸುವ ನಳಿಕೆ. ಔಷಧಿ ಅಂಗಡಿಗೆ ನಾನೇ ಹೋದೆ.

ಅಂಗಡಿಯವರು ನಳಿಕೆಯ ಕಟ್ಟು ಕೈಯಲ್ಲಿ ಹಿಡಿದು, ರೋಗಿ ಯಾರು ಎಂದು ಕೇಳಿದರು. ಕಾಪುವಿನದು ಎಂದೆ. ಎಂತ ತೊಂದರೆ ಎಂದರು. ಕಾರು ಎಂದರೆ ಕೊಡುವುದಿಲ್ಲವೋ ಏನೋ ಎಂಬ ಹೆದರಿಕೆಯಲ್ಲಿ, ಏರು ಹತ್ತುವಾಗ ಉಸಿರು ಸಾಲುವುದಿಲ್ಲ ಎಂದುಬಿಟ್ಟೆ.

ಅವರು ಕನಿಕರದಿಂದ ಹೇಳಿದರು: "ಹಾಗಾದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅಡ್ಮಿಟ್ ಮಾಡಿ."

೪. ಟಕ್ ಟಕ್ ಟಕ್

ಕೆಲಸ ಮುಗಿಯಿತು. ಕೀಲಿ ತಿರುಗಿಸಿದ ಕೂಡಲೇ ಸೊಲೆನಾಯ್ಡ್ ಟಕ್ ಟಕ್ ಟಕ್ ಎಂದು ಮೂರು ಸಲ ಬಡಿದುಕೊಂಡು ಸುಮ್ಮನಾಗುತ್ತಿತ್ತು. ಕರೆಂಟು ಬಂದಿದೆ ಎಂಬುದಕ್ಕೆ ಅದೇ ಸಾಕ್ಷಿ. ನನಗಂತೂ ಆ ಶಬ್ದ ಕೇಳಿ ಬಹಳ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ದುಬೈಯವರು ಸಪ್ಪೆ ಮುಖದಲ್ಲಿ ಅಂಗಡಿಗೆ ಬಂದರು. ತಾಯಿಯನ್ನು ಸಂಬಂಧಿಕರ ಮನೆಗೆ ಕರೆದುಕೊಂಡು ಹೋಗೋಣವೆಂದು ಕಾರಿನಲ್ಲಿ ಕೂರಿಸಿ ಕೀಲಿ ತಿರುಗಿಸಿದ್ದಾರೆ. ಟಕ್ ಟಕ್ ಟಕ್. ತಾಯಿ ಬಾಗಿಲು ತೆರೆದು ಇಳಿದೇಬಿಟ್ಟರಂತೆ. ಹಲ್ಲಿ ನುಡಿಯಿತು, ಈಗ ಹೊರಡುವುದು ಬೇಡ ಎಂದು. ಒಳಗೆ ಹೋಗಿ ನೀರು ಕುಡಿದು ಸ್ವಲ್ಪ ಕುಳಿತು ಮತ್ತೆ ಬಂದರು. ಮತ್ತೆ ಟಕ್ ಟಕ್ ಟಕ್. ಇದು ಹಲ್ಲಿಯಲ್ಲ ಅಮ್ಮ, ಜಪಾನಿನ ಸಾಮಾನು ಎಂದು ಮಗ ಹೇಳಿದರೆ, ಜಪಾನಿನಲ್ಲಿ ಹಲ್ಲಿ ಇಲ್ಲವಾ ಎಂದು ಕೇಳಿದರಂತೆ.

ಶಬ್ದ ನಿಲ್ಲಿಸಲಿಕ್ಕೆ ನನ್ನಿಂದ ಆಗುವುದಿಲ್ಲ ಎಂದೆ. ತಾಯಿ ಪಂಚಾಂಗ ತೆಗೆದು ಹಲ್ಲಿ ನುಡಿದ ಫಲ ನೋಡಿದ್ದಾರಾ ಎಂದು ಪೊರ್ಬುಗಳು ವಿಚಾರಿಸಿದರು. ನೋಡಿದ್ದಾರೆ, ಕಾರು ತೆಂಕು ದಿಕ್ಕಿಗೆ ನಿಂತಿತ್ತು, ಆ ದಿಕ್ಕಿನಿಂದ ಬಂದ ಶಬ್ದ ಕೆಟ್ಟದಂತೆ, ಪಡುವಿನಿಂದಾದರೆ ಲಾಭವಂತೆ ಎಂದರು ದುಬೈಯವರು. ಸೊಲೆನಾಯ್ಡ್ ಇದ್ದದ್ದು ಕಾರಿನ ಮೂತಿಯಲ್ಲಿ. ಪೊರ್ಬುಗಳು ಅಲ್ಲೇ ಪರಿಹಾರ ಹೇಳಿದರು. ಅಂದಿನಿಂದ ಕಾಪುವಿನ ಆ ಮನೆಯಲ್ಲಿ ಕಾರು ಸಮುದ್ರದ ಕಡೆಗೇ ಮುಖಮಾಡಿ ನಿಲ್ಲತೊಡಗಿತು. ಹೊರಡುವ ಮೊದಲು ತಾಯಿಯೇ ಒಂದೆರಡು ಸಲ ಕೀಲಿ ಹೆಚ್ಚಿಗೆ ತಿರುಗಿಸಲು ಹೇಳುತ್ತಿದ್ದರಂತೆ.

೫. ಸೀಟು ಉಂಟು

ಏರಿನಲ್ಲಿ ಓಡಿಸಿ ನೋಡದೆ ನಂಬುವ ಹಾಗಿಲ್ಲ ಎಂದು ಭಾನುವಾರ ಮೂವರೂ ಕಾರ್ಕಳ ದಾಟಿ ಬಜಗೋಳಿ ಕಡೆಗೆ ಹೋದೆವು. ಕಾರು ಹಾರುತ್ತಿತ್ತು ಎಂದರೆ ಸುಳ್ಳಲ್ಲ. ದುಬೈಯವರು ಮುಖ ಅರಳಿಸಿಕೊಂಡು ತಿರುಗುಣಿಯನ್ನು ಇನ್ನೊಂದು ಸುತ್ತು ಏರಿಸಿದರು. ಮುಂದೆ ಒಂದು ಎಕ್ಸ್‌ಪ್ರೆಸ್ ಬಸ್ಸು. ನಮ್ಮ ಕಡೆಯ ಬಸ್ಸುಗಳನ್ನು ಹಿಂದೆ ಹಾಕಿದವರಿಲ್ಲ. ನಾವು ಹಾಕಿದೆವು. ಪೊರ್ಬುಗಳು ಹಿಂದಿನ ಸೀಟಿನಿಂದ ಬಸ್ಸಿನ ಡ್ರೈವರನಿಗೆ ಕೈ ಬೀಸಿದ್ದು ಬೇಡವಾಗಿತ್ತು.

ಅದಾಗಿ ಎರಡು ತಿರುವಿನಲ್ಲಿ ಎಂಜಿನ್ನು ಯಾರೋ ಕುತ್ತಿಗೆ ಹಿಡಿದಂತೆ ಬಿಕ್ಕಳಿಸಿ ಶಕ್ತಿಯನ್ನೆಲ್ಲ ಕಳೆದುಕೊಂಡಿತು. ಕಾಲು ಒತ್ತಿದರೆ ಮತ್ತೆ ಬಿಕ್ಕಳಿಕೆ. ಬದಿಗೆ ನಿಲ್ಲಿಸಿದೆವು. ದುಬೈಯವರು ಇಳಿದು ಮೈಲಿಗಲ್ಲಿನ ಮೇಲೆ ಕುಳಿತರು. ಬೈದಿದ್ದರೂ ಸಹಿಸಬಹುದಿತ್ತು. ಹನ್ನೆರಡು ವರ್ಷ ಮರುಭೂಮಿಯಲ್ಲಿ ಬೆವರಿದ್ದನ್ನು ನಾವಿಬ್ಬರು ನಾಲ್ಕು ದಿನದಲ್ಲಿ ಸುಟ್ಟೆವಲ್ಲ ಎಂದುಕೊಂಡೆ. ಬಾನೆಟ್ ತೆರೆಯಲು ಕೈ ಬರಲಿಲ್ಲ.

ಪೊರ್ಬುಗಳು ತೆರೆದರು. ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಬಗ್ಗಿದರು. ಆಸ್ಪತ್ರೆಯ ನಳಿಕೆ ಎಂಜಿನ್ನಿನ ಬಿಸಿಗೆ ಮೆತ್ತಗಾಗಿ ಮಡಚಿಕೊಂಡಿತ್ತು. ಸುದ್ದಿ ಹೋಗುವ ದಾರಿಯೇ ಮುಚ್ಚಿ, ಗಾಳಿ ಮಿತಿ ಮೀರಿ, ಕಾರಿನ ಒಳಗಿನ ಕಂಪ್ಯೂಟರು ತಾನೇ ಪೆಟ್ರೋಲು ನಿಲ್ಲಿಸಿತ್ತು. ಪಿಸ್ಟನ್ನಿಗೆ ಏನೂ ಆಗಿರಲಿಲ್ಲ. ನಳಿಕೆಯನ್ನು ಕೈಯಿಂದ ನೇರ ಮಾಡಿ ಕಾರನ್ನು ಮೆಲ್ಲನೆ ಓಡಿಸಿಕೊಂಡು ಹೋದೆವು. ಮುಂದೆ ಬಜಗೋಳಿಯ ಲಾರಿ ಗ್ಯಾರೇಜಿನಲ್ಲಿ ಡೀಸೆಲಿನ ಗಟ್ಟಿ ರಬ್ಬರ್ ಪೈಪು ಸಿಕ್ಕಿತು. ಅದು ಕೊನೆಯವರೆಗೂ ಬಾಳಿತು.

ಆದರೆ ನಾವು ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದಾಗಲೇ ಆ ಬಸ್ಸು ಬಂದಿತ್ತು. ಹಾರ್ನ್ ಹಾಕಲಿಲ್ಲ, ಒಳಗಿನವರು ಯಾರೂ ನಗಲಿಲ್ಲ. ಮೆಲ್ಲನೆ ನಮ್ಮ ಪಕ್ಕಕ್ಕೆ ಬಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಬಹಳ ಮರ್ಯಾದೆಯಿಂದ ಕೇಳಿದ:

"ಮೂರು ಜನವಾ? ಸೀಟು ಉಂಟು."

೬. ಮಾಸ್ಟ್ರ ದೂರು

ದುಬೈಯವರು ಸಂತೋಷದಿಂದಲೇ ವಿಮಾನ ಹತ್ತಿದರು. ಕಾರು ತಂದೆಯ ಕೈಗೆ ಬಂತು. ತಂದೆ ನಿವೃತ್ತ ಶಾಲಾ ಮಾಸ್ಟ್ರು, ನಿಧಾನಸ್ಥರು, ನ್ಯಾಯವಾದ ಮನುಷ್ಯ. ಒಂದು ತಿಂಗಳು ಕಳೆದ ಮೇಲೆ ಅಂಗಡಿಗೆ ಬಂದು, ದೂರು ಹೇಳುವುದಕ್ಕೆ ಸಂಕೋಚವಾಗುತ್ತದೆ, ಆದರೆ ಹೇಳದೆ ಉಪಾಯವಿಲ್ಲ ಎಂದು ಪೀಠಿಕೆ ಹಾಕಿದರು. ಕಾರಿನಲ್ಲಿ ಗಾಳಿಯ ಒತ್ತಡ ತೋರಿಸುವ ಮೀಟರ್ ಇದೆಯಷ್ಟೆ, ಅದರ ಮುಳ್ಳು ಇವತ್ತಿನವರೆಗೆ ಒಂದು ಸಲವೂ ಮೇಲೆದ್ದಿಲ್ಲ. ಮಗ ನಂಬಿ ಕೊಟ್ಟ ಕೆಲಸ, ವಯರಿಂಗಿನಲ್ಲಿ ತಪ್ಪಿರಬೇಕು.

ನಾನು ಪಕ್ಕದಲ್ಲಿ ಕುಳಿತೆ. ಅವರೇ ಓಡಿಸಿದರು. ಪ್ರತಿ ತಿರುವಿಗೂ ಕೈ ಹೊರಗೆ ಚಾಚಿ, ಕಂಡ ದನಕ್ಕೆಲ್ಲ ಹಾರ್ನ್ ಹಾಕಿ, ಅದು ಎದ್ದು ಹೋಗುವವರೆಗೆ ಕಾದು, ಉದ್ಯಾವರ ಮುಟ್ಟುವಾಗ ಎರಡು ಸೈಕಲುಗಳು ನಮ್ಮನ್ನು ದಾಟಿ ಹೋಗಿದ್ದವು. ಮುಳ್ಳು ನಿಜವಾಗಿಯೂ ಅಲ್ಲಾಡಲಿಲ್ಲ. ಆ ವೇಗದಲ್ಲಿ ಅದು ಏಳಲು ಕಾರಣವೇ ಇರಲಿಲ್ಲ. ಸ್ವಲ್ಪ ಒತ್ತಿ ಮಾಸ್ಟ್ರೇ ಎಂದೆ. ಅವರು ಹಾರ್ನ್ ಒತ್ತಿದರು.

ಕೊನೆಗೆ, ಒಂದೇ ಒಂದು ಸಲ ನಾನು ಓಡಿಸಿ ತೋರಿಸುತ್ತೇನೆ ಎಂದು ಬೇಡಿಕೊಂಡೆ. ಹೆದ್ದಾರಿ ಖಾಲಿಯಿತ್ತು. ಕಾಲು ಊರಿದೆ. ಮುಳ್ಳು ಚಂಗನೆ ಮೇಲೆದ್ದಿತು, ಮಾಸ್ಟ್ರ ಬೆನ್ನು ಸೀಟಿಗೆ ಅಂಟಿಕೊಂಡಿತು, ಮಡಿಲಲ್ಲಿದ್ದ ಕೊಡೆ ಹಿಂದಿನ ಸೀಟಿಗೆ ಹೋಗಿ ಬಿತ್ತು. ಕಾರು ನಿಲ್ಲಿಸಿ, ಗೆದ್ದವನ ಹಾಗೆ ಅವರ ಕಡೆ ತಿರುಗಿದೆ.

ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಮೀಟರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಉತ್ತರಪತ್ರಿಕೆ ತಿದ್ದಿ ಮುಗಿಸಿದವರ ಸ್ವರದಲ್ಲಿ ಹೇಳಿದರು:

"ನಾನು ಹೇಳಿದ್ದು ತಪ್ಪಾಯಿತು. ಮುಳ್ಳು ಸರಿಯಾಗಿಯೇ ಉಂಟು. ನಿಮ್ಮ ಕಾಲು ಸರಿ ಇಲ್ಲ."