ಎಲ್ಲಾರೂ ಹೇಳಿಯಾಯ್ತಾ?

ನಮ್ಮ ಭಾವ ಒಬ್ಬರೇ ಕೂತು ಏನನ್ನಾದರೂ ತೀರ್ಮಾನಿಸಿದ್ದನ್ನು ಕಂಡವರಿಲ್ಲ. ವೇಲಚೇರಿಯ ಫ್ಲಾಟಿನ ತಾರಸಿಯಲ್ಲಿ ಬದನೆ, ಬೆಂಡೆ ಬೆಳೆಯುತ್ತಿದ್ದ ಅವರು, ಚೆನ್ನೈನಲ್ಲಿ ಕುಂಡದಲ್ಲಿ ತರಕಾರಿ ಬೆಳೆಯುವ ಕನ್ನಡದವರನ್ನೆಲ್ಲ, ಜೊತೆಗೆ ನನ್ನನ್ನೂ, ಸೇರಿಸಿ ವಾಟ್ಸಾಪಿನಲ್ಲೊಂದು ಗುಂಪು ಕಟ್ಟಿದರು. ಕಟ್ಟಿದ ದಿನವೇ ಅದಕ್ಕೊಂದು ಸಂವಿಧಾನವನ್ನೂ ದಯಪಾಲಿಸಿದರು. ಇದ್ದದ್ದು ಒಂದೇ ವಿಧಿ: ಗುಂಪಿನ ಪ್ರತಿಯೊಬ್ಬರೂ ಬಾಯಿಬಿಟ್ಟು ‘ಆಗಲಿ’ ಎನ್ನುವವರೆಗೆ ಯಾವುದೂ ತೀರ್ಮಾನವಲ್ಲ. ಯಾರು ಅವಸರಪಡಿಸಿದರೂ ಭಾವನದು ಒಂದೇ ಪ್ರಶ್ನೆ: “ಎಲ್ಲಾರೂ ಹೇಳಿಯಾಯ್ತಾ?”

ಇದರ ಫಲವೇನೆಂದು ಕೇಳುತ್ತೀರಾ? ಬಿರುಬೇಸಿಗೆಯಲ್ಲಿ ಗಿಡಗಳು ಸುಟ್ಟುಹೋಗುತ್ತಿವೆ, ಪಲ್ಲಾವರಂ ಸಂತೆಯಿಂದ ಎಲ್ಲರಿಗೂ ನೆರಳುಬಲೆ ತರೋಣವೇ ಎಂಬ ಪ್ರಶ್ನೆ ಎದ್ದಿತು. ಹಸಿರು ಬಲೆಯೋ ಕಪ್ಪು ಬಲೆಯೋ ಎಂದು ಚರ್ಚೆ ಬೆಳೆದು, ಸರ್ವಾನುಮತ ಸಿದ್ಧಿಸುವ ಹೊತ್ತಿಗೆ ವೇಲಚೇರಿಯ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಬಲೆ ಬೀಸಿದ್ದರೆ ಮೀನಾದರೂ ಸಿಗುತ್ತಿತ್ತು!

ಶೋಳಿಂಗನಲ್ಲೂರಿನಲ್ಲಿ ಕೆಲಸಕ್ಕಿದ್ದ ಮೈಸೂರಿನ ಹುಡುಗಿಯೊಬ್ಬಳು ತಡೆಯಲಾರದೆ ಹೇಳಿದಳು: “ಅಂಕಲ್, ಒಪ್ಪಿಗೆ ಇರೋರು ಹೆಬ್ಬೆಟ್ಟಿನ ಚಿತ್ರ ಒತ್ತಲಿ. ಎಣಿಸಿದ್ರೆ ಮುಗೀತು.”

“ಅಕ್ಷರ ಬರೋರು ಹೆಬ್ಬೆಟ್ಟು ಯಾಕಮ್ಮಾ ಒತ್ಬೇಕು?” ಎಂದರು ಭಾವ. “ಎಣಿಸಿದ್ರೆ ಯಾರಾದ್ರೂ ಸೋಲ್ತಾರೆ. ಆಫೀಸಲ್ಲಿ ಸೋತು ಬಂದು ತಾರಸಿ ಹತ್ತಿರೋರು ನಾವು. ಇಲ್ಲೂ ಸೋಲ್ಬೇಕಾ?”

ಎಲ್ಲಕ್ಕಿಂತ ದೊಡ್ಡ ತೊಡಕು ಪಲ್ಲಾವರಂನ ಟೀಚರಮ್ಮ. ನಿವೃತ್ತರು, ಒಂಟಿ ಜೀವ. ಗುಂಪಿನಲ್ಲಿ ಒಂದಕ್ಷರ ಬರೆದವರಲ್ಲ. ಭಾವ ಪ್ರತಿ ಸಲವೂ ಅವರಿಗೆ ಫೋನು ಮಾಡಿ, ಮಂಡಿನೋವಿನಿಂದ ಕರಿಬೇವಿನವರೆಗೆ ವಿಚಾರಿಸಿಕೊಂಡು, ಕೊನೆಗೆ ವಿಷಯಕ್ಕೆ ಬರುತ್ತಿದ್ದರು.

“ಒಂದು ಮೂಟೆ ಬೇವಿನಹಿಂಡಿ ತರ್ಸೋಕೆ ಇಷ್ಟು ಮಾತಾ?” ಎಂದು ಅಕ್ಕ ರೇಗುವಳು.

“ಇರು ಮಾ. ಅವರನ್ನ ‘ನಿಮಗೇನನ್ಸುತ್ತೆ’ ಅಂತ ಕೇಳೋರು ಬೇರೆ ಯಾರಿದಾರೆ?”

ಗುಂಪನ್ನು ಕೇಳದೆ ಭಾವ ಕೈಗೊಂಡ ತೀರ್ಮಾನ ಒಂದೇ. ಪೊಂಗಲ್ ಕಳೆದ ವಾರ, ಬೆಳಿಗ್ಗೆ ಬದನೆಗೆ ನೀರು ಹಾಕಿ ಕೆಳಗಿಳಿದು ಬಂದು ಕುರ್ಚಿಯಲ್ಲಿ ಕೂತರು. ಕಾಫಿ ತಂದ ಅಕ್ಕ ಎಷ್ಟು ಕರೆದರೂ ಏಳಲಿಲ್ಲ.

ಅವರ ಫೋನು ಮಾತ್ರ ಮೊದಲಿನಂತೆಯೇ ಕುಂಯ್‌ಗುಡುತ್ತಿತ್ತು. ಯಾರ ಮನೆಯಲ್ಲೋ ಟೊಮ್ಯಾಟೊ ಹಣ್ಣಾಗಿದೆ, ಇನ್ಯಾರದೋ ಬೆಂಡೆಗೆ ಹುಳ ಬಿದ್ದಿದೆ. ಪ್ರತಿ ಸದ್ದಿಗೂ ಅಕ್ಕ ಕುರ್ಚಿಯ ಕಡೆ ನೋಡುವಳು.

“ತಡೆಯೋಕಾಗ್ತಿಲ್ಲ ಕಣೋ. ಅವರ ನಂಬರ್ ಗುಂಪಿಂದ ತೆಗೆಸ್ಬಿಡು,” ಎಂದಳು ಒಂದು ದಿನ.

ಸಂವಿಧಾನದ ಪ್ರಕಾರವೇ ಗುಂಪನ್ನು ಕೇಳಿದೆ. ಮೈಸೂರಿನ ಹುಡುಗಿ ಹೆಬ್ಬೆಟ್ಟು ಒತ್ತದೆ ಅಕ್ಷರದಲ್ಲೇ ‘ಆಗಲಿ’ ಎಂದು ಬರೆದಳು. ಒಬ್ಬೊಬ್ಬರಾಗಿ ಎಲ್ಲರೂ ಬರೆದರು. ಟೀಚರಮ್ಮ ಮಾತ್ರ ಎಂದಿನಂತೆ ಸುಮ್ಮನಿದ್ದರು. ಫೋನು ಮಾಡಿ ಕೇಳಬೇಕಾದವರೇ ಈಗ ಇಲ್ಲವಲ್ಲ! ಅಕ್ಕನ ಪಕ್ಕದಲ್ಲಿ ಕೂತು ನಾನೇ ಟೀಚರಮ್ಮನ ನಂಬರು ಹುಡುಕುತ್ತಿದ್ದಾಗ, ಭಾವನ ಫೋನು ಕುಂಯ್ ಎಂದಿತು. ಗುಂಪಿನಲ್ಲಿ ಟೀಚರಮ್ಮ ಮೊಟ್ಟಮೊದಲ ಸಲ ಬರೆದಿದ್ದರು:

“ಎಲ್ಲರೂ ಎಲ್ಲಿ ಹೇಳಿದ್ದಾರೆ? ನಿಮ್ಮ ಭಾವನವರದು ಬಾಕಿ ಇದೆ.”

ಅಕ್ಕ ಅದನ್ನು ಓದಿದಳು. ಎದ್ದು ಭಾವನ ಫೋನನ್ನು ಚಾರ್ಜಿಗೆ ಹಾಕಿದಳು.